ದೊಡ್ಡಪ್ಪನ ಹೆಸರಲ್ಲಿ ಹೋದ ಮೇಲ್‌ಗಳು

2022ರ ಜುಲೈ. ಒಂದು ಭಾನುವಾರ ಬೆಳಿಗ್ಗೆ ಸಾಗರದಿಂದ ದೊಡ್ಡಪ್ಪ ಫೋನ್ ಮಾಡಿದರು. ಗಾಳಿಮಳೆಗೆ ಎರಡು ದಿನ ಕರೆಂಟ್ ಇರಲಿಲ್ಲವಂತೆ. ಬಂದ ಮೇಲೆ ಕಂಪ್ಯೂಟರ್ ಹಾಕಿ ನೋಡಿದರೆ ಇನ್‌ಬಾಕ್ಸ್‌ನಲ್ಲಿ 1,200ಕ್ಕೂ ಜಾಸ್ತಿ ಮೇಲ್.

"ನಾನು ಯಾರಿಗೂ ಮಾತ್ರೆ ಮಾರಿಲ್ಲ ಮಾರಾಯ. ಆದ್ರೆ ನಿಮ್ಮ ಮಾತ್ರೆ ಕಾಗದ ತಲುಪಲಿಲ್ಲ, ತಲುಪಲಿಲ್ಲ ಅಂತ ಲೋಕವೆಲ್ಲ ನಂಗೆ ಬರೀತಾ ಇದೆ."

ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಹಾಗಾಗಿ ನಮ್ಮ ಮನೆಯವರಿಗೆ ಪ್ರಿಂಟರ್‌ನಲ್ಲಿ ಶಾಯಿ ಮುಗಿದರೂ ನನ್ನದೇ ನಂಬರ್. ಈ ಸಲ ವಿಷಯ ನಿಜವಾಗಿಯೂ ನನ್ನ ಕಸುಬಿನದ್ದಾಗಿತ್ತು. ಆದರೂ ಪೂರ್ತಿ ಮುಗಿಸಲು ಮುಂದಿನ ಯುಗಾದಿವರೆಗೆ ಹಿಡಿಯಿತು. ನಡುವೆ ಎರಡು ದೊಡ್ಡ ತಪ್ಪುಗಳನ್ನು ಮಾಡಿದವನೂ ನಾನೇ.

ಸ್ವಲ್ಪ ಹಿನ್ನೆಲೆ. ದೊಡ್ಡಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದರು. 2011ರಲ್ಲಿ ಅವರು ರಿಟೈರ್ ಆದಾಗ ನಮ್ಮ ಮನೆತನದ ಹೆಸರಿನಲ್ಲೇ ಒಂದು ಡೊಮೇನ್ (ಮೇಲ್ ವಿಳಾಸದಲ್ಲಿ ಅಟ್ ಚಿಹ್ನೆಯ ನಂತರ ಬರುವ ಹೆಸರು) ಕೊಂಡು, ಅವರಿಗೊಂದು ಮೇಲ್ ವಿಳಾಸ ಮಾಡಿಕೊಟ್ಟಿದ್ದೆ. ಸಣ್ಣ ಹೋಸ್ಟಿಂಗ್ ಕಂಪನಿಯೊಂದರಲ್ಲಿ ಜಾಗ. ಜೊತೆಗೆ 'ಕ್ಯಾಚ್-ಆಲ್' ಹಾಕಿದ್ದೆ. ಅಂದರೆ ಅಟ್ ಚಿಹ್ನೆಯ ಮುಂಚೆ ಏನೇ ಬರೆದಿದ್ದರೂ ಮೇಲ್ ದೊಡ್ಡಪ್ಪನ ಪೆಟ್ಟಿಗೆಗೇ ಬೀಳುತ್ತದೆ. ಅವರಿಗೆ ಇದು ಬಹಳ ಹಿಡಿಸಿತು. ಗ್ಯಾಸ್ ಏಜೆನ್ಸಿಗೆ 'ಗ್ಯಾಸ್' ಅನ್ನೋ ಹೆಸರಿನ ವಿಳಾಸ, ಪುಸ್ತಕ ತರಿಸುವಲ್ಲಿ 'ಪುಸ್ತಕ', ಪ್ರವಾಸದ ಟಿಕೆಟ್‌ಗೆ 'ಪ್ರವಾಸ'. ಯಾರಿಗೆ ಯಾವ ಹೆಸರು ಕೊಟ್ಟೆ ಅನ್ನೋದನ್ನು ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಬರೆದಿಟ್ಟಿದ್ದರು. ಆ ನೋಟ್‌ಬುಕ್ ಮುಂದೆ ನಮ್ಮ ಮಾನ ಉಳಿಸಿತು.

ನನಗೆ ಫೋನ್ ಮಾಡುವ ಮುಂಚೆಯೇ ಅವರು ಎರಡು ಕೆಲಸ ಮಾಡಿ ಮುಗಿಸಿದ್ದರು. ಪಾಸ್‌ವರ್ಡ್ ಮೂರು ಸಲ ಬದಲಾಯಿಸಿದ್ದರು. ಪೇಟೆಯ ಮೊಬೈಲ್ ಅಂಗಡಿಯ ಹುಡುಗ "ವೈರಸ್ ಬಂದಿದೆ ಸಾರ್" ಎಂದು ಫೋನನ್ನು ಫಾರ್ಮ್ಯಾಟ್ ಮಾಡಿ ಐನೂರು ರೂಪಾಯಿ ತೆಗೆದುಕೊಂಡಿದ್ದ. ಮೊಮ್ಮಗಳ ನಾಮಕರಣದ ಫೋಟೋಗಳು ಅದರಲ್ಲೇ ಹೋದವು. ಮೇಲ್ ಮಾತ್ರ ನಿಮಿಷಕ್ಕೆ ಎರಡರಂತೆ ಬರುತ್ತಲೇ ಇತ್ತು.

ಕಳ್ಳ ಒಳಗಿದ್ದಾನೋ ಹೊರಗೋ

ಇಂಥ ಪ್ರಕರಣದಲ್ಲಿ ಮೊದಲು ಕೇಳಬೇಕಾದ್ದು ಇದೊಂದೇ. ಅಕೌಂಟಿನೊಳಗೆ ಯಾರಾದರೂ ನುಗ್ಗಿ ಅಲ್ಲಿಂದ ಮೇಲ್ ಕಳಿಸುತ್ತಿದ್ದಾರಾ? ಅಥವಾ ಎಲ್ಲೋ ಹೊರಗೆ ಕೂತು ಹೆಸರನ್ನಷ್ಟೇ ಬಳಸುತ್ತಿದ್ದಾರಾ? ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಮದ್ದು ಮಾತ್ರ ಬೇರೆ ಬೇರೆ. ಒಳಗೆ ನುಗ್ಗಿದ್ದರೆ ಪಾಸ್‌ವರ್ಡ್ ಬದಲಾಯಿಸಬೇಕು. ಹೊರಗಿದ್ದರೆ ಪಾಸ್‌ವರ್ಡನ್ನು ನೂರು ಸಲ ಬದಲಾಯಿಸಿದರೂ ಕಳ್ಳನಿಗೆ ಏನೂ ಆಗುವುದಿಲ್ಲ. ಅವನಿಗೆ ಅದು ಬೇಕಾಗಿಯೇ ಇಲ್ಲ.

'ಸೆಂಟ್' ಫೋಲ್ಡರ್ ನೋಡಿ ತೀರ್ಮಾನ ಮಾಡುವಂತಿಲ್ಲ. ನುಗ್ಗಿದವನು ಕಳಿಸಿದ್ದನ್ನು ಅಳಿಸಿಯೂ ಹೋಗಬಹುದು. ಹಾಗಾಗಿ ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಹೊರಹೋದ ಮೇಲ್‌ಗಳ ಲಾಗ್ ತೆಗೆಸಿದೆ. ಆ ವಾರದಲ್ಲಿ ನಮ್ಮ ಡೊಮೇನಿನಿಂದ ಹೋದದ್ದು ನಾಲ್ಕೇ ಮೇಲ್. ನಾಲ್ಕೂ ದೊಡ್ಡಪ್ಪನವೇ, ಒಂದು ಅಡಿಕೆ ಕೊಳೆರೋಗದ ಬಗ್ಗೆ. ಲಾಗಿನ್ ಆದ ಜಾಗಗಳೂ ಸರಿಯಾಗಿದ್ದವು. ಯಾರೋ ಗುಟ್ಟಾಗಿ ಫಾರ್ವರ್ಡಿಂಗ್ ಹಾಕಿಟ್ಟಿದ್ದಾರಾ ಎಂದೂ ನೋಡಿದೆ, ಇರಲಿಲ್ಲ.

ಆಮೇಲೆ ವಾಪಸ್ ಬಂದ ಮೇಲ್ ಒಂದನ್ನು ಬಿಚ್ಚಿದೆ. ತಲುಪದ ಮೂಲ ಮೇಲ್‌ನ ಹೆಡರ್ ಅದರ ಹೊಟ್ಟೆಯಲ್ಲೇ ಇರುತ್ತದೆ. ಹೆಡರ್ ಓದುವುದು ಹಳೆ ಅಂಚೆ ಕವರಿನ ಮುದ್ರೆ ಓದಿದ ಹಾಗೆ. ಮೇಲ್ ಹಾದುಹೋದ ಪ್ರತಿ ಸರ್ವರ್ ತನ್ನದೊಂದು 'ರಿಸೀವ್ಡ್' ಸಾಲನ್ನು ಎಲ್ಲಕ್ಕಿಂತ ಮೇಲೆ ಒತ್ತುತ್ತದೆ. ಹಾಗಾಗಿ ಕೆಳಗಿನದು ಹಳೆಯದು, ಮೇಲಿನದು ಹೊಸದು. ಇಲ್ಲೊಂದು ಕಿತಾಪತಿ ಇದೆ. ಕೆಳಗಿನ ಮುದ್ರೆಗಳನ್ನು ಕಳ್ಳನೇ ಮೊದಲೇ ಒತ್ತಿ ಕಳಿಸಿರಬಹುದು. ನಂಬಬೇಕಾದ್ದು ಪ್ರಾಮಾಣಿಕ ಸರ್ವರ್ ಒತ್ತಿದ ಮುದ್ರೆಯನ್ನು ಮಾತ್ರ. ಇಲ್ಲಿ ಅಂಥದ್ದು ಮೇಲ್ ವಾಪಸ್ ಕಳಿಸಿದ ಸರ್ವರಿನದ್ದು. ಅದು ಆ ಮೇಲ್ ತೆಗೆದುಕೊಂಡಿದ್ದು ನಮ್ಮ ಸರ್ವರ್‌ನಿಂದ ಅಲ್ಲವೇ ಅಲ್ಲ, ಎಲ್ಲಿಯದೋ ಐಪಿ ವಿಳಾಸದಿಂದ, ಅಂದರೆ ಇಂಟರ್ನೆಟ್ಟಿನಲ್ಲಿ ಒಂದು ಯಂತ್ರಕ್ಕಿರುವ ನಂಬರಿನಿಂದ. ಕಳಿಸಿದವರ ಜಾಗದಲ್ಲಿ ದೊಡ್ಡಪ್ಪನ ವಿಳಾಸವೂ ಇರಲಿಲ್ಲ. ಅರ್ಥವಿಲ್ಲದ ಒಂದಷ್ಟು ಅಕ್ಷರ, ಮುಂದೆ ನಮ್ಮ ಡೊಮೇನ್. ಒಂದೊಂದು ಮೇಲ್‌ಗೆ ಒಂದೊಂದು ಹೆಸರು. ಕ್ಯಾಚ್-ಆಲ್ ಇದ್ದದ್ದರಿಂದ ಎಲ್ಲವೂ ನಮ್ಮ ಪೆಟ್ಟಿಗೆಗೇ ಬಿದ್ದಿದ್ದವು.

ಕಳ್ಳ ಹೊರಗಿದ್ದ.

ದೊಡ್ಡಪ್ಪನಿಗೆ ಇದನ್ನು ಹೇಳುವುದೇ ಕಷ್ಟವಾಯಿತು. "ನನ್ನ ಹೆಸರಲ್ಲಿ ಬೇರೆಯವನು ಕಾಗದ ಹಾಕೋಕೆ ಹೇಗೆ ಬಿಡ್ತಾರೆ?" ಎಂದರು. ನ್ಯಾಯವಾದ ಪ್ರಶ್ನೆ. ನಾನು ಇನ್‌ಲ್ಯಾಂಡ್ ಲೆಟರ್ ನೆನಪಿಸಿದೆ. ಹಿಂದುಗಡೆ 'ಇಂದ' ಅಂತ ಇರುವಲ್ಲಿ ನೀವು ಯಾರ ವಿಳಾಸ ಬರೆದರೂ ಅಂಚೆಯವರು ಕೇಳುವುದಿಲ್ಲ. ಕಾಗದ ತಲುಪದಿದ್ದರೆ ಆ ವಿಳಾಸಕ್ಕೇ ತಂದು ಹಾಕುತ್ತಾರೆ. ಮೇಲ್ ಕೂಡ ಹಾಗೆಯೇ. ಅದಕ್ಕೆ ಎರಡು 'ಇಂದ' ಇರುತ್ತವೆ. ಒಂದು ಸರ್ವರ್‌ಗಳು ಮಾತ್ರ ನೋಡುವ ಹೊರಗಿನ ಲಕೋಟೆಯ ಮೇಲೆ, ಇನ್ನೊಂದು ನಮಗೆ ಕಾಣುವ ಒಳಗಿನ ಕಾಗದದ ತಲೆಯಲ್ಲಿ. ತಲುಪದ ಮೇಲ್ ವಾಪಸ್ ಬರುವುದು ಲಕೋಟೆಯ ವಿಳಾಸಕ್ಕೆ. ಎರಡನ್ನೂ ಕಳಿಸುವವನೇ ಬರೆಯುತ್ತಾನೆ, ಎರಡೂ ಸುಳ್ಳಿರಬಹುದು.

ಈ ಪದ್ಧತಿಯನ್ನು ಜಾನ್ ಪೋಸ್ಟೆಲ್ ಆರ್‌ಎಫ್‌ಸಿ 821 ಎಂಬ ದಾಖಲೆಯಲ್ಲಿ ಬರೆದದ್ದು 1982ರಲ್ಲಿ. ಆಗ ಇದ್ದದ್ದು ವಿಶ್ವವಿದ್ಯಾಲಯ, ಸಂಶೋಧನಾ ಕೇಂದ್ರಗಳ ಒಂದಿಷ್ಟು ಕಂಪ್ಯೂಟರ್. ಹೆಚ್ಚುಕಮ್ಮಿ ಒಂದು ಕೇರಿಯ ಜನ. ಸ್ಪ್ಯಾಮ್ ಇರಲಿಲ್ಲ ಅಂತಲ್ಲ. 1978ರಲ್ಲೇ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥರ್ಕ್ ಸುಮಾರು 400 ಜನಕ್ಕೆ ಒಟ್ಟಿಗೇ ಕಂಪ್ಯೂಟರ್ ಮಾರಾಟದ ಮೇಲ್ ಕಳಿಸಿ ಬೈಸಿಕೊಂಡಿದ್ದ. ಆದರೆ ಅವನು ಕಂಪನಿಯ ಹೆಸರನ್ನು ಮುಚ್ಚಿಟ್ಟಿರಲಿಲ್ಲ. ಇನ್ನೊಬ್ಬರ ಹೆಸರು ಹಾಕಿ ಕಳಿಸುವ ದುಷ್ಟತನ ಆಮೇಲಿನದು. 1997ರಲ್ಲಿ ಅಮೆರಿಕದ ಜೋ ಡಾಲ್ ಎಂಬವರು ತಮ್ಮ ತಾಣದಿಂದ ಒಬ್ಬ ಸ್ಪ್ಯಾಮರ್‌ನನ್ನು ಹೊರಹಾಕಿದರು. ಅವನು ಸೇಡಿಗೆ ಜೋ ಹೆಸರಲ್ಲೇ ರಾಶಿ ಸ್ಪ್ಯಾಮ್ ಕಳಿಸಿದ. ಸಿಟ್ಟಿಗೆದ್ದ ಜನ ಜೋ ಮೇಲೆಯೇ ಮುಗಿಬಿದ್ದರು. ಅಂಥ ದಾಳಿಗೆ ಇವತ್ತಿಗೂ 'ಜೋ ಜಾಬ್' ಎಂದೇ ಹೆಸರು. ದೊಡ್ಡಪ್ಪನ ಮೇಲೆ ಯಾರಿಗೂ ಸೇಡಿರಲಿಲ್ಲ. ಯಾವುದೋ ಪಟ್ಟಿಯಲ್ಲಿ ನಮ್ಮ ಡೊಮೇನ್ ಸಿಕ್ಕಿತ್ತು, ಅಷ್ಟೇ.

ಇನ್ನೊಂದು ಮಾತು. ವಾಪಸ್ ಬರುವ ಮೇಲ್‌ಗಳ ಈ ಮಳೆಗೆ ಅರ್ಧ ಕಾರಣ ಸ್ಪ್ಯಾಮರ್, ಇನ್ನರ್ಧ ಸೋಮಾರಿ ಸರ್ವರ್‌ಗಳು. ಒಳ್ಳೆಯ ಸರ್ವರ್ ಬಾಗಿಲಲ್ಲೇ "ಈ ಹೆಸರಿನವರು ಇಲ್ಲಿಲ್ಲ" ಎಂದು 550 ನಂಬರಿನ ಉತ್ತರ ಕೊಟ್ಟು ಕಳಿಸುತ್ತದೆ. ಆಗ ಬೈಗುಳ ಸ್ಪ್ಯಾಮರ್‌ನ ಯಂತ್ರಕ್ಕೇ ಸಿಗುತ್ತದೆ. ಕೆಟ್ಟ ಸರ್ವರ್ ಮೊದಲು ಮೇಲ್ ತೆಗೆದುಕೊಂಡು, ಆಮೇಲೆ ಒಳಗೆ ಹುಡುಕಿ, ಆಳಿಲ್ಲ ಎಂದು ಗೊತ್ತಾದ ಮೇಲೆ 'ಇಂದ' ವಿಳಾಸಕ್ಕೆ ಹೊಸ ಮೇಲ್ ಬರೆಯುತ್ತದೆ. ಅದು ಬಂದು ಬೀಳುವುದು ಪಾಪದ ದೊಡ್ಡಪ್ಪನ ತಲೆಗೆ.

ನನ್ನ ಮೊದಲ ತಪ್ಪು

ಕ್ಯಾಚ್-ಆಲ್ ಮುಚ್ಚಬೇಕಿತ್ತು. ಆದರೆ ಮುಚ್ಚಿದರೆ ಗ್ಯಾಸ್, ಪುಸ್ತಕ, ಪ್ರವಾಸ ಎಲ್ಲ ನಿಂತುಹೋಗುತ್ತವೆ. ಆಗ ನೋಟ್‌ಬುಕ್ ಹೊರಬಂತು. 47 ಹೆಸರು. ದೊಡ್ಡಪ್ಪ ಫೋನಿನಲ್ಲಿ ಹಾಜರಿ ಕೂಗಿದ ಹಾಗೆ ಒಂದೊಂದೇ ಓದಿದರು, ನಾನು ಒಂದೊಂದೇ ಅಲಿಯಾಸ್, ಅಂದರೆ ಅದೇ ಪೆಟ್ಟಿಗೆಗೆ ಬೀಳುವ ಅಡ್ಡಹೆಸರು, ಮಾಡಿದೆ. ಮುಚ್ಚಿಹೋದ ಅಂಗಡಿಗಳದ್ದೆಲ್ಲ ಬಿಟ್ಟು 31 ಉಳಿದವು. ಕ್ಯಾಚ್-ಆಲ್ ಮುಚ್ಚಿದ ಗಂಟೆಯೊಳಗೆ ಪೆಟ್ಟಿಗೆ ಶಾಂತವಾಯಿತು. ಅರ್ಥವಿಲ್ಲದ ಹೆಸರುಗಳಿಗೆ ಬಂದದ್ದೆಲ್ಲ ಬಾಗಿಲಲ್ಲೇ ವಾಪಸ್.

ಸ್ವಲ್ಪ ಸ್ವಲ್ಪ ಇನ್ನೂ ಬರುತ್ತಿತ್ತು. ನಾನು ಜಾಣತನ ತೋರಿಸಲು ಹೋಗಿ, 'ಮೇಲರ್ ಡೀಮನ್' ಹೆಸರಲ್ಲಿ (ತಲುಪಲಿಲ್ಲ ಎಂಬ ಸೂಚನೆಗಳನ್ನು ಸರ್ವರ್‌ಗಳು ಕಳಿಸುವುದು ಈ ಹೆಸರಲ್ಲಿ) ಏನೇ ಬಂದರೂ ನೇರ ಕಸದ ಬುಟ್ಟಿಗೆ ಹಾಕುವ ಒಂದು ಫಿಲ್ಟರ್ ಬರೆದೆ. ಮೂರು ವಾರ ಕಳೆದ ಮೇಲೆ ದೊಡ್ಡಪ್ಪ ಬೇಜಾರಿನಲ್ಲಿದ್ದರು. ಹಳೆ ಶಿಷ್ಯನೊಬ್ಬ ವಿದೇಶದಿಂದ ಬಂದಿದ್ದಾನೆ, ಮನೆಗೆ ಬಾ ಎಂದು ಬರೆದರೆ ಉತ್ತರವೇ ಇಲ್ಲ, ದೊಡ್ಡ ಮನುಷ್ಯನಾಗಿಬಿಟ್ಟ ಎಂದು ಅವರ ಕೊರಗು. ವಿಳಾಸದಲ್ಲಿ ಒಂದು ಅಕ್ಷರ ತಪ್ಪಿತ್ತು. ತಲುಪಲಿಲ್ಲ ಎಂಬ ಸೂಚನೆ ಪ್ರಾಮಾಣಿಕವಾಗಿಯೇ ವಾಪಸ್ ಬಂದಿತ್ತು. ನನ್ನ ಫಿಲ್ಟರ್ ಅದನ್ನೂ ನುಂಗಿತ್ತು. ಅಷ್ಟರಲ್ಲಿ ಶಿಷ್ಯ ವಿಮಾನ ಹತ್ತಿ ಹೋಗಿದ್ದ. ಆ ಫಿಲ್ಟರ್ ತೆಗೆದುಹಾಕಿದೆ. ದಿನಕ್ಕೆ ನಾಲ್ಕು ಸುಳ್ಳು ಬೌನ್ಸ್ ಬಂದರೆ ಬರಲಿ, ಕಣ್ಣಲ್ಲಿ ನೋಡಿ ಅಳಿಸಿದರಾಯಿತು.

ಎರಡನೆಯ ತಪ್ಪು

ನಮ್ಮ ಹೆಸರಲ್ಲಿ ಬೇರೆಯವರು ಬರೆದರೆ ಅದನ್ನು ಪತ್ತೆಹಚ್ಚಲು ಈಗ ಮೂರು ಸಾಧನಗಳಿವೆ. ನಮ್ಮ ಡೊಮೇನಿಗೆ ಒಂದನ್ನೂ ಹಾಕಿರಲಿಲ್ಲ. ಸರ್ವರ್ ನೋಡಿಕೊಳ್ಳುವವನ ಮನೆ ಡೊಮೇನ್ ಇದು, ನಾಚಿಕೆಯ ಸಂಗತಿ.

ಎಸ್‌ಪಿಎಫ್ ಎಂದರೆ ನಮ್ಮ ಮೇಲ್ ಯಾವ ಸರ್ವರ್‌ಗಳಿಂದ ಹೊರಡಬಹುದು ಎಂಬ ಪಟ್ಟಿ. ಅದನ್ನು ಡಿಎನ್‌ಎಸ್ ಎಂಬ ಇಂಟರ್ನೆಟ್ಟಿನ ವಿಳಾಸ ಪುಸ್ತಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ನೇತುಹಾಕುತ್ತೇವೆ. ಅದು ನೋಡುವುದು ಲಕೋಟೆಯ ವಿಳಾಸವನ್ನು. ಡಿಕಿಮ್ ಎಂದರೆ ಕಾಗದದ ಮೇಲೆ ಸರ್ವರ್ ಹಾಕುವ ಮೊಹರು, ದಾರಿಯಲ್ಲಿ ಯಾರಾದರೂ ಕಾಗದ ತಿದ್ದಿದರೆ ಮೊಹರು ಒಡೆಯುತ್ತದೆ. ಇವೆರಡೂ ಇದ್ದರೂ, ನಮಗೆ ಕಾಣುವ ಒಳಗಿನ 'ಇಂದ' ಸುಳ್ಳಿರಬಹುದು. ಆ ತೂತು ಮುಚ್ಚಲು ಬಂದದ್ದು ಡಿಮಾರ್ಕ್. ಕಾಣುವ ವಿಳಾಸದ ಡೊಮೇನ್‌ಗೂ ಮೊಹರು ಅಥವಾ ಲಕೋಟೆಯ ಡೊಮೇನ್‌ಗೂ ತಾಳೆಯಾಗದಿದ್ದರೆ ಏನು ಮಾಡಬೇಕು ಎಂದು ಮಾಲೀಕರೇ ಅದರಲ್ಲಿ ಹೇಳಬಹುದು. 'ನನ್' ಅಂದರೆ ಸುಮ್ನೆ ವರದಿ ಕೊಡಿ. 'ಕ್ವಾರಂಟೀನ್' ಅಂದರೆ ಸ್ಪ್ಯಾಮ್ ಪೆಟ್ಟಿಗೆಗೆ ಹಾಕಿ. 'ರಿಜೆಕ್ಟ್' ಅಂದರೆ ಒಳಗೇ ಬಿಡಬೇಡಿ.

ನಾನು ಎಸ್‌ಪಿಎಫ್, ಡಿಕಿಮ್ ಹಾಕಿದ ದಿನವೇ ನೇರ ರಿಜೆಕ್ಟ್ ಬರೆದೆ. ಸಿಟ್ಟಿತ್ತು.

ಪೆಟ್ಟು ಬಿದ್ದದ್ದು ಸ್ಪ್ಯಾಮರ್‌ಗಲ್ಲ, ದೊಡ್ಡಪ್ಪನಿಗೆ. ಅವರು ಓದಿದ ಕಾಲೇಜಿನ ಹಳೆ ವಿದ್ಯಾರ್ಥಿಗಳದ್ದೊಂದು ಮೇಲಿಂಗ್ ಲಿಸ್ಟ್ ಇದೆ, ಓಬೀರಾಯನ ಕಾಲದ್ದು. ದೊಡ್ಡಪ್ಪ ಬರೆದದ್ದನ್ನು ಅದು ವಿಷಯದ ಸಾಲಿಗೆ ಗುಂಪಿನ ಹೆಸರು ಸೇರಿಸಿ, ಕೆಳಗೊಂದು ಅಡಿಬರಹ ಅಂಟಿಸಿ, ತನ್ನ ಸರ್ವರ್‌ನಿಂದ ಎಲ್ಲರಿಗೂ ಹಂಚುತ್ತದೆ. ಕಾಗದ ತಿದ್ದಿದ್ದರಿಂದ ಮೊಹರು ಒಡೆಯಿತು. ಸರ್ವರ್ ಬೇರೆಯಾದ್ದರಿಂದ ಎಸ್‌ಪಿಎಫ್ ತಾಳೆಯಾಗಲಿಲ್ಲ. ಗುಂಪಿನ ಅರ್ಧಕ್ಕರ್ಧ ಜನಕ್ಕೆ ದೊಡ್ಡಪ್ಪನ ಕಾಗದ ಬಾಗಿಲಲ್ಲೇ ನಿಂತಿತು. "ಯಾರದೋ ತಪ್ಪಿಗೆ ನನ್ನನ್ನು ಕ್ಲಾಸಿಂದ ಹೊರಗೆ ನಿಲ್ಲಿಸಿದೆಯಲ್ಲೋ" ಎಂದರು.

ನನಗೆ ಇದು ಗೊತ್ತಿರಬೇಕಿತ್ತು. 2014ರ ಏಪ್ರಿಲ್‌ನಲ್ಲಿ ಯಾಹೂ ಇದ್ದಕ್ಕಿದ್ದಂತೆ ರಿಜೆಕ್ಟ್ ಹಾಕಿ, ಜಗತ್ತಿನ ಮೇಲಿಂಗ್ ಲಿಸ್ಟ್‌ಗಳಿಗೆಲ್ಲ ಇದೇ ಗತಿ ಬಂದಿತ್ತು. ಎಒಎಲ್ ಕೂಡ ಅದೇ ತಿಂಗಳು ಅದೇ ದಾರಿ ಹಿಡಿಯಿತು. ಎಂಟು ವರ್ಷದ ಹಿಂದಿನ ಪಾಠವನ್ನು ನಮ್ಮ ಮನೆಯಲ್ಲಿ ಇನ್ನೊಮ್ಮೆ ಕಲಿತೆ.

ವಾಪಸ್ 'ನನ್'ಗೆ ಇಳಿಸಿದೆ. ವರದಿಗಳು ಬರತೊಡಗಿದವು. ದಿನಕ್ಕೊಂದು ಬಾರಿ ದೊಡ್ಡ ಮೇಲ್ ಕಂಪನಿಗಳು ಕಳಿಸುವ ಜಿಪ್ ಫೈಲ್‌ಗಳು, ಒಳಗೆ ಎಕ್ಸ್‌ಎಂಎಲ್. ಯಾವ ಐಪಿಯಿಂದ ನಿಮ್ಮ ಹೆಸರಲ್ಲಿ ಎಷ್ಟು ಮೇಲ್ ಬಂತು, ಎಷ್ಟು ಪಾಸ್, ಎಷ್ಟು ಫೇಲ್. ನಾನು ಅದನ್ನು ಕೋಷ್ಟಕ ಮಾಡಿ ಕಳಿಸಿದೆ. ಪಾಸು-ಫೇಲು ಎಂದರೆ ಮೇಷ್ಟ್ರಿಗೆ ಕೇಳಬೇಕೇ. ದಿನಾ ಸಂಜೆ ಕೂಡಿಸಿ ಕಳೆದು ಶೇಕಡಾ ಲೆಕ್ಕ ತೆಗೆದು ನನಗೇ ವಾಪಸ್ ಕಳಿಸುತ್ತಿದ್ದರು. ಆ ಲಿಸ್ಟಿನ ಸರ್ವರ್ ಬಿಟ್ಟರೆ ಫೇಲ್ ಆಗುತ್ತಿದ್ದ ಸಾಚಾ ಮೇಲ್ ಬೇರೆ ಇಲ್ಲ ಎಂದು ಕಂಡುಹಿಡಿದದ್ದು ಅವರೇ.

ಮಾತ್ರೆ ಮೇಲ್‌ಗಳ ಹಾವಳಿ ಆಗಸ್ಟ್ ಮುಗಿಯುವಷ್ಟರಲ್ಲಿ ತಾನಾಗೇ ನಿಂತಿತ್ತು. ಡಿಮಾರ್ಕ್ ಹಾಕಿದ್ದರಿಂದ ನಿಂತಿತು ಎಂದು ನಾನು ಹೇಳಿದರೆ ಅದು ಸುಳ್ಳು. ಸ್ಪ್ಯಾಮರ್ ಇನ್ಯಾರದೋ ಡೊಮೇನ್ ಹಿಡಿದಿರಬೇಕು.

ತನಗೆ ತಾನೇ ಬರೆದ ಬೆದರಿಕೆ

ಅಕ್ಟೋಬರ್‌ನಲ್ಲಿ ದೊಡ್ಡಮ್ಮ ಫೋನ್ ಮಾಡಿದರು. ಅವರು ಸುಮ್ಮನೆ ಫೋನ್ ಮಾಡುವವರಲ್ಲ. "ನಿನ್ನ ದೊಡ್ಡಪ್ಪ ಎರಡು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ. ಕಂಪ್ಯೂಟರ್‌ಗೆ ಬಟ್ಟೆ ಮುಚ್ಚಿಟ್ಟಿದ್ದಾರೆ" ಎಂದರು.

ಎರಡು ಸಲ ಕೇಳಿದ ಮೇಲೆ ದೊಡ್ಡಪ್ಪ ಬಾಯಿಬಿಟ್ಟರು. ಅವರ ವಿಳಾಸದಿಂದ ಅವರಿಗೇ ಒಂದು ಮೇಲ್ ಬಂದಿತ್ತು. ನಿನ್ನ ಕಂಪ್ಯೂಟರ್ ನನ್ನ ಕೈಯಲ್ಲಿದೆ, ಕ್ಯಾಮೆರಾದಲ್ಲಿ ನಿನ್ನ ನಾಚಿಕೆಗೇಡಿನ ವಿಡಿಯೊ ತೆಗೆದಿದ್ದೇನೆ, ಬಿಟ್‌ಕಾಯಿನ್ ಕಳಿಸದಿದ್ದರೆ ನಿನ್ನ ನೆಂಟರಿಗೆಲ್ಲ ಕಳಿಸುತ್ತೇನೆ. ನಂಬದಿದ್ದರೆ ನೋಡು, ನಿನ್ನ ವಿಳಾಸದಿಂದಲೇ ಬರೆಯುತ್ತಿದ್ದೇನೆ, ಇದು ನಿನ್ನ ಪಾಸ್‌ವರ್ಡ್. ಆ ಪಾಸ್‌ವರ್ಡ್ ನಿಜವಾಗಿಯೂ ಅವರು ಒಮ್ಮೆ ಬಳಸಿದ್ದೇ.

ಮರ್ಯಾದೆಯಿಂದ ಬಾಳಿದ ಮನುಷ್ಯ. ಏನೂ ತಪ್ಪು ಮಾಡಿಲ್ಲ ಎಂದು ಅವರಿಗೇ ಗೊತ್ತು. ಆದರೂ ಎರಡು ದಿನ ಯಾರಿಗೂ ಹೇಳಲಾಗಲಿಲ್ಲ. ನನಗೆ ಇಡೀ ಪ್ರಕರಣದಲ್ಲಿ ಹೊಟ್ಟೆ ಉರಿದದ್ದು ಇಲ್ಲೇ. 1,200 ಬೌನ್ಸ್ ಏನೂ ಅಲ್ಲ.

ಈ ಸಲ ಹೆಡರ್ ನೋಡಲು ಎರಡು ನಿಮಿಷ ಸಾಕಾಯಿತು. ಹೊರಗಿನ ಐಪಿ, ಎಸ್‌ಪಿಎಫ್ ಫೇಲ್, ಮೊಹರು ಇಲ್ಲ. ನಮ್ಮ ನೀತಿ 'ನನ್' ಇದ್ದದ್ದರಿಂದ ಸರ್ವರ್ ಒಳಗೆ ಬಿಟ್ಟಿತ್ತು. ಪಾಸ್‌ವರ್ಡ್ ಎಲ್ಲಿಯದು? ನೋಟ್‌ಬುಕ್ ತೆಗೆಯಿರಿ ಎಂದೆ. ಮೇಲ್ ಬಂದದ್ದು 'ಪ್ರವಾಸ' ಹೆಸರಿಗೆ. 'ಇಂದ' ಇದ್ದದ್ದೂ 'ಪ್ರವಾಸ'ದಿಂದಲೇ. ಆ ಹೆಸರನ್ನು ಅವರು ಕೊಟ್ಟದ್ದು ಒಂದೇ ಒಂದು ಟಿಕೆಟ್ ತಾಣಕ್ಕೆ. ಅಲ್ಲಿಂದ ಸೋರಿದ ಪಟ್ಟಿ ಇದು. ಟ್ರಾಯ್ ಹಂಟ್ 2013ರಲ್ಲಿ ಶುರುಮಾಡಿದ 'ಹ್ಯಾವ್ ಐ ಬೀನ್ ಪೋನ್ಡ್' ತಾಣದಲ್ಲಿ ವಿಳಾಸ ಹಾಕಿ ನೋಡಿದೆವು, ಸೋರಿದವರ ಪಟ್ಟಿಯಲ್ಲಿತ್ತು. ಹಳೆ ಪಾಸ್‌ವರ್ಡ್ ತೋರಿಸಿ ಹೆದರಿಸುವ ಈ ಥರದ ಮೇಲ್‌ಗಳು 2018ರಿಂದ ಲೋಕವಿಡೀ ಓಡಾಡುತ್ತಿವೆ. ವಿಡಿಯೊ ಇಲ್ಲ, ಏನೂ ಇಲ್ಲ. ಇವರ ಹಳೆ ಕಂಪ್ಯೂಟರ್‌ಗೆ ಕ್ಯಾಮೆರಾನೇ ಇಲ್ಲವಲ್ಲ! ಅದನ್ನು ನಾನು ಹೇಳಿದಾಗ ಆ ಕಡೆ ಒಂದು ಕ್ಷಣ ಸದ್ದಿಲ್ಲ, ಆಮೇಲೆ ದೊಡ್ಡಮ್ಮನ ನಗು. ಸ್ಪೀಕರ್‌ನಲ್ಲಿ ಹಾಕಿದ್ದರು.

'ಪ್ರವಾಸ' ಅಲಿಯಾಸ್ ತೆಗೆದೆವು. ಅದೇ ಪಾಸ್‌ವರ್ಡ್ ಬಳಸಿದ್ದ ಇನ್ನೆರಡು ಕಡೆ ಬದಲಾಯಿಸಿದೆವು. ಇಲ್ಲಿ ಪಾಸ್‌ವರ್ಡ್ ಬದಲಾವಣೆ ನಿಜವಾಗಿಯೂ ಬೇಕಿತ್ತು. ನೀತಿಯನ್ನು ಕ್ವಾರಂಟೀನ್‌ಗೆ ಏರಿಸಿದೆ. ನಮ್ಮದೇ ಹೆಸರಲ್ಲಿ ಹೊರಗಿನಿಂದ ಬರುವುದನ್ನು ನಮ್ಮ ಸರ್ವರ್ ಕೂಡ ಪರೀಕ್ಷಿಸುವ ಹಾಗೆ ಹೋಸ್ಟಿಂಗ್‌ನವರಿಂದ ಮಾಡಿಸಿದೆ. ಅದು ಮುಂಚೆ ಆಫ್ ಆಗಿತ್ತು. ಲಿಸ್ಟ್ ನೋಡಿಕೊಳ್ಳುವವರು 'ಇಂದ' ಜಾಗದಲ್ಲಿ ಗುಂಪಿನ ವಿಳಾಸವನ್ನೇ ಹಾಕುವ ವ್ಯವಸ್ಥೆ ಮಾಡಿಕೊಂಡ ಮೇಲೆ, ಡಿಸೆಂಬರ್‌ನಲ್ಲಿ ರಿಜೆಕ್ಟ್.

ಮೊಹರು ಸಾಚಾ, ಮನುಷ್ಯ ಸುಳ್ಳು

ಮುಗಿಯಿತು ಎಂದುಕೊಂಡೆ. ಫೆಬ್ರವರಿಯಲ್ಲಿ ನೆಂಟರಿಗೆಲ್ಲ ಒಂದು ಮೇಲ್ ಹೋಯಿತು. ದೊಡ್ಡಪ್ಪನ ಹೆಸರು, ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು. ಆಸ್ಪತ್ರೆಯಲ್ಲಿದ್ದೇನೆ, ಫೋನ್ ಮಾಡಬೇಡಿ, ತುರ್ತಾಗಿ ಒಂದು ಸಹಾಯ ಬೇಕು.

ಇದರ ವಿಳಾಸ ನಮ್ಮ ಡೊಮೇನಿನದ್ದಲ್ಲ. ಯಾರೋ ಹೊಸದಾಗಿ ಮಾಡಿದ ಜಿಮೇಲ್. ಹೆಸರಿನ ಜಾಗದಲ್ಲಿ ಮಾತ್ರ ದೊಡ್ಡಪ್ಪನ ಪೂರ್ತಿ ಹೆಸರು. ಫೋನಿನಲ್ಲಿ ಮೇಲ್ ತೆರೆದರೆ ಹೆಸರಷ್ಟೇ ಕಾಣುತ್ತದೆ, ವಿಳಾಸ ನೋಡಲು ಅದರ ಮೇಲೆ ಒತ್ತಬೇಕು. ಯಾರು ಒತ್ತುತ್ತಾರೆ ಹೇಳಿ? ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಪಾಸ್. ಆ ಜಿಮೇಲ್ ವಿಳಾಸದಿಂದಲೇ ಹೊರಟ ಮೇಲ್ ಅದು, ಆ ಅರ್ಥದಲ್ಲಿ ನೂರಕ್ಕೆ ನೂರು ಸಾಚಾ. ನಾನು ಏಳು ತಿಂಗಳು ಕಟ್ಟಿದ ಬೇಲಿ ಇದಕ್ಕೆ ಅಡ್ಡವೇ ಬರಲಿಲ್ಲ.

ಚಿಕ್ಕಮ್ಮನ ಅಳಿಯ ಉತ್ತರ ಬರೆದರು. ಗಿಫ್ಟ್ ಕಾರ್ಡ್ ಕೊಂಡು ಅದರ ನಂಬರ್ ಕಳಿಸು ಎಂದು ಉತ್ತರ ಬಂತು. ಅಷ್ಟರಲ್ಲಿ ಅವರಿಗೆ ಹೊಳೆಯಿತು. ದೊಡ್ಡಪ್ಪ ಜನ್ಮದಲ್ಲಿ ನೆಂಟರಿಗೆ ಇಂಗ್ಲಿಷ್‌ನಲ್ಲಿ ಬರೆದವರಲ್ಲ. 'ಡಿಯರ್' ಎಂದಂತೂ ಕರೆದವರೇ ಅಲ್ಲ. ನೇರ ಮನೆಗೆ ಫೋನ್ ಮಾಡಿದರೆ ದೊಡ್ಡಪ್ಪನೇ ಎತ್ತಿದರು, ಬಾಯಲ್ಲಿ ಕವಳ.

ದುಡ್ಡು ಯಾರದ್ದೂ ಹೋಗಲಿಲ್ಲ. ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಬೇಕಿತ್ತು, ಎಷ್ಟು ಬೇಗ ಹೇಳಿದರೆ ದುಡ್ಡು ತಡೆಹಿಡಿಯುವ ಅವಕಾಶ ಅಷ್ಟು ಜಾಸ್ತಿ. ಆ ಜಿಮೇಲ್ ವಿಳಾಸವನ್ನು ಗೂಗಲ್‌ಗೆ ವರದಿ ಮಾಡಿದೆವು, ಸೈಬರ್ ಅಪರಾಧದ ಕೇಂದ್ರ ಸರ್ಕಾರಿ ತಾಣದಲ್ಲೂ ದೂರು ಹಾಕಿದೆವು. ಕಂಪ್ಯೂಟರ್ ಬಳಸಿ ಇನ್ನೊಬ್ಬರ ವೇಷ ಹಾಕಿ ಮೋಸ ಮಾಡುವುದು ಐಟಿ ಕಾಯ್ದೆಯ 66ಡಿ ಕಲಮಿಗೆ ಬರುತ್ತದೆ, ಮೂರು ವರ್ಷದವರೆಗೆ ಜೈಲು. ಸಿಕ್ಕಿದರೆ ಅಲ್ವಾ.

ನೆಂಟರ ವಿಳಾಸಗಳು ಅವನಿಗೆ ಎಲ್ಲಿ ಸಿಕ್ಕವು? ಮೇಲ್ ಬಂದವರ ಪಟ್ಟಿಯನ್ನು ದೊಡ್ಡಪ್ಪ ನೋಟ್‌ಬುಕ್ಕಿನಲ್ಲಿ ಬರೆದರು. ನೋಡುತ್ತ ನೋಡುತ್ತ ಅವರಿಗೇ ತಿಳಿಯಿತು. ಅವರು ಹಿಂದಿನ ಯುಗಾದಿಗೆ ಕಳಿಸಿದ ಶುಭಾಶಯದ ಪಟ್ಟಿ ಅದು, ಹೆಚ್ಚುಕಮ್ಮಿ ಅದೇ ಕ್ರಮದಲ್ಲಿ. 63 ಜನರ ವಿಳಾಸವನ್ನೂ 'ಟು' ಜಾಗದಲ್ಲೇ ಹಾಕಿ ಕಳಿಸಿದ್ದರು. ಆ 63 ಪೆಟ್ಟಿಗೆಗಳಲ್ಲಿ ಒಂದಕ್ಕೆ ಯಾರಾದರೂ ನುಗ್ಗಿದರೂ ಇಡೀ ಬಳಗ ಸಿಕ್ಕಿದ ಹಾಗೆ. ಯಾರ ಪೆಟ್ಟಿಗೆ ಎಂದು ಹುಡುಕಲು ನಾನು ಹೋಗಲಿಲ್ಲ. ನೆಂಟರಲ್ಲಿ ಅದೊಂದು ಜಗಳ ಬೇಡವಾಗಿತ್ತು.

ಮಾರ್ಚ್ 22ಕ್ಕೆ ಯುಗಾದಿ. ಈ ಸಲ ಎಲ್ಲರನ್ನೂ 'ಬಿಸಿಸಿ'ಯಲ್ಲಿ ಹಾಕಿ ಎಂದು ಹೇಳಿಕೊಟ್ಟಿದ್ದೆ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ. ದೊಡ್ಡಪ್ಪ ಹಾಗೆಯೇ ಕಳಿಸಿದರು. ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಕೂತವರಿಗೆ ಸ್ನಾನಕ್ಕೆ ಹೋಗಲು ಬಿಡದ ಹಾಗೆ ಫೋನ್ ಮೇಲೆ ಫೋನ್. ಪಟ್ಟಿಯಲ್ಲಿ ಯಾರ ಹೆಸರೂ ಕಾಣುತ್ತಿಲ್ಲ, ಇದು ನಿಜವಾಗಿಯೂ ನೀವೇ ಕಳಿಸಿದ್ದಾ ಎಂದು ಏಳು ಜನ ಕೇಳಿದರಂತೆ.